ಡಬ್ಬಿಯ ಮೇಲಿನ ಆರು ಸಾವಿರ

ಫೆಬ್ರವರಿ 23, ಸೋಮವಾರ

ಚಿಂತಾಮಣಿಯ ಚೈತನ್ಯ ಒಪ್ಪಿಬಿಟ್ಟ! ಮದುವೆ ವಿಡಿಯೊ ಮಾಡುವ ಸ್ಟುಡಿಯೊ ಅವನದು. ಎಡಿಟಿಂಗಿಗೆ ಹೊಸ ಕಂಪ್ಯೂಟರು ಬೇಕಂತೆ. ಬೆಂಗಳೂರಿಗೆ ಹೋಗಿ ಕೊಳ್ಳುತ್ತೇನೆ ಅನ್ನುತ್ತಿದ್ದವನನ್ನು ಒಂದೇ ಫೋನಿನಲ್ಲಿ ಶಿಡ್ಲಘಟ್ಟದ ನನ್ನ ಅಂಗಡಿಗೆ ತಿರುಗಿಸಿದೆ. ಬಿಡಿಭಾಗಗಳನ್ನು ನಾನೇ ತಂದು, ನಾನೇ ಜೋಡಿಸಿ, ಯುಗಾದಿಗೆ ಮೊದಲು ಓಡುವ ಯಂತ್ರವನ್ನು ಅವನ ಕೈಗೆ ಕೊಡಬೇಕು. ಅವನಿಗೆ ಹಿಡಿಸಿದರೆ ಅವನ ಗೆಳೆಯರ ಸ್ಟುಡಿಯೊಗಳೂ ನನ್ನ ಬಾಗಿಲಿಗೇ ಬರುತ್ತವೆ. ಹಿಡಿಸದೆ ಏನು? ಇಷ್ಟು ದಿನ ಪ್ರಿಂಟರಿಗೆ ಇಂಕು ತುಂಬಿದ್ದು, ಕಾಲೇಜು ಹುಡುಗರ ಲ್ಯಾಪ್‌ಟಾಪಿನ ವೈರಸ್ ತೆಗೆದದ್ದು, ಸಿಸಿಟಿವಿ ಕೂರಿಸಿದ್ದು ಎಲ್ಲ ಬರೀ ಒಗ್ಗರಣೆ. ಅಡುಗೆ ಈಗ ಶುರು.

ಯುಗಾದಿ ಎಂದರೆ ನನಗೆ ಇನ್ನೊಂದು ಗಡುವೂ ಹೌದು. ಈ ಅಂಗಡಿಯ ಕೋಣೆ ನನ್ನ ಮಾವ ಮುನಿಶಾಮಪ್ಪನವರದು. ಮದುವೆಯಾಗಿ ನಾನು ಈ ಮನೆಗೆ ಬರುವ ಎಷ್ಟೋ ಮೊದಲಿನಿಂದ ಇಲ್ಲಿ ಅವರ ರೇಷ್ಮೆ ನೂಲು ತೆಗೆಯುವ ಯಂತ್ರ ಓಡುತ್ತಿತ್ತು. ಹೋದ ವರ್ಷ ಅದನ್ನು ಮಾರಿದ ಮೇಲೆ, "ಈ ಯುಗಾದಿಯಿಂದ ಬರೋ ಯುಗಾದಿಗಂಟ ನೋಡಮ್ಮಾ. ಆದ್ರೆ ನಡೆಸ್ಕೊಂಡ್ ಹೋಗು, ಆಗ್ದಿದ್ರೆ ಬಾಡಿಗೆಗೆ ಕೊಡಣ" ಎಂದು ಕೀಲಿ ಕೊಟ್ಟಿದ್ದರು. ಬಾಡಿಗೆಗೆ ರೇಷ್ಮೆಗೂಡಿನ ಮಾರುಕಟ್ಟೆಯ ಬಯ್ಯಪ್ಪ ತುದಿಗಾಲಲ್ಲಿ ನಿಂತಿದ್ದಾರೆ, ಅಳಿಯನಿಗೆ ಚಪ್ಪಲಿ ಅಂಗಡಿ ಹಾಕಿಕೊಡಲು. ಆಗಾಗ ಬಂದು ಗೋಡೆಗಳನ್ನು ಕಣ್ಣಲ್ಲೇ ಅಳೆದು, "ಏಮಪ್ಪಾ ಮುನಿಶಾಮಪ್ಪ, ರೂಮ್ ಏನ್ಮಾಡ್ದೆ?" ಅನ್ನುತ್ತಾರೆ. ಮಾವ ಹ್ಞಾಂ ಅನ್ನುವುದಿಲ್ಲ, ಹ್ಞೂಂ ಅನ್ನುವುದಿಲ್ಲ. ಆ ಮೌನದ ಅರ್ಥ ನನಗೆ ಗೊತ್ತಿಲ್ಲವೆ? ಸೊಸೆಯ ಆಟ ಮುಗಿಯಲಿ, ಆಮೇಲೆ ಹೇಳೋಣ ಅಂತ.

ಕೋಣೆ ಬಿಟ್ಟುಕೊಟ್ಟವರು ಕುರ್ಚಿ ಬಿಟ್ಟುಕೊಟ್ಟಿಲ್ಲ. ಗೋಡೆಯಲ್ಲಿ ಹಳೆಯ ಮೋಟರಿನ ಸ್ವಿಚ್ ಪೆಟ್ಟಿಗೆ ಇದೆ, ಕೆಂಪು ಹಿಡಿಯದ್ದು. ನನ್ನ ಮೇಜಿಗೆ ಕರೆಂಟು ಎಳೆದುಕೊಂಡಿರುವುದು ಅದರಿಂದಲೇ. ಅದರ ಕೆಳಗೆ ಮಾವನ ವೈರು ಹೆಣೆದ ಕುರ್ಚಿ. ಬೆಳಗ್ಗೆ ಪೇಪರು ಹಿಡಿದು ಕೂತರೆ ಊಟಕ್ಕೇ ಏಳುವುದು. ಒಂದು ಸ್ಕ್ರೂ ಬಿದ್ದರೆ ನನಗೆ ಬಗ್ಗಲು ಜಾಗವಿಲ್ಲ.

ಫೆಬ್ರವರಿ 26, ಗುರುವಾರ

ಸಾಮಾನು ಬಂತು. ಈ ವರ್ಷ ರ‍್ಯಾಮಿನ ಬೆಲೆ ಬಂಗಾರದ ಜೊತೆ ಪೈಪೋಟಿಗೆ ಬಿದ್ದಿದೆ. ಆ ಪುಟ್ಟ ಡಬ್ಬಿಯನ್ನು ನಿನ್ನೆ ಬೆಂಗಳೂರಿನಿಂದ ಮಡಿಲಲ್ಲಿಟ್ಟುಕೊಂಡೇ ಬಸ್ಸಿನಲ್ಲಿ ಕೂತಿದ್ದೆ. ಡಬ್ಬಿಯ ಮೇಲೆ ದಪ್ಪ ಅಂಕಿಯಲ್ಲಿ 6000 ಎಂದಿದೆ. ಅದು ಅದರ ವೇಗ. ಚೈತನ್ಯ ದುಡ್ಡು ಕೊಡುತ್ತಿರುವುದೇ ಆ ಅಂಕಿಗೆ.

ಮಧ್ಯಾಹ್ನದೊಳಗೆ ಜೋಡಿಸಿ ಮುಗಿಸಿದೆ. ಗುಂಡಿ ಒತ್ತಿದ ಸ್ವಲ್ಪ ಹೊತ್ತಿಗೆಲ್ಲ ಎದ್ದಿತು. ನನ್ನ ಕೈಗುಣ! ಆದರೆ ರ‍್ಯಾಮು ತಾನಾಗಿ ಡಬ್ಬಿಯ ವೇಗದಲ್ಲಿ ಓಡುವುದಿಲ್ಲ, ಬಿಟ್ಟರೆ 4800ರಲ್ಲೇ ಕಾಲೆಳೆಯುತ್ತದೆ. ಸೆಟ್ಟಿಂಗಿನ ಒಳಗೆ ಹೋಗಿ ಡಬ್ಬಿಯ ವೇಗವನ್ನು ಆನ್ ಮಾಡಬೇಕು. ಮಾಡಿದೆ. ಯಂತ್ರ ಮತ್ತೆ ಶುರುವಾಯಿತು, ಫ್ಯಾನುಗಳು ತಿರುಗಿದವು, ಪರದೆ ಕಪ್ಪಗೇ ಇತ್ತು. ಅಷ್ಟರಲ್ಲಿ ಅತ್ತೆ ಅಶ್ವತ್ಥಮ್ಮ ಒಳಗಿನಿಂದ, "ತನುಜಾ, ಗ್ಯಾಸ್ ಮುಗೀತು ಕಣೇ, ಸಿಲಿಂಡರ್ ಹಾಕ್ಕೊಡ್ ಬಾರೇ" ಎಂದು ಕೂಗಿದರು. ಹೋಗಿ ಬರುವಷ್ಟರಲ್ಲಿ ಯಂತ್ರ ಆರಿಹೋಗಿತ್ತು. ಮತ್ತೆ ಹೊತ್ತಿಸಿದರೆ, ಹೊಸ ಸೆಟ್ಟಿಂಗು ನಿಲ್ಲಲಿಲ್ಲ, ಹಳೆಯದಕ್ಕೇ ಮರಳಿದ್ದೇನೆ ಎಂದು ಒಂದು ಸಾಲು. 4800.

ಇರಲಿ. ಹೊಸ ಎತ್ತು, ಮೊದಲ ದಿನ ನೊಗಕ್ಕೆ ತಲೆ ಕೊಡುವುದಿಲ್ಲ.

ಫೆಬ್ರವರಿ 28, ಶನಿವಾರ

ನಿನ್ನೆ, ಇವತ್ತು ಎಷ್ಟು ಸಲ ಮಾಡಿದೆನೋ. ಪ್ರತಿ ಸಲವೂ ಅದೇ ಕಥೆ. ಕಪ್ಪು ಪರದೆ, ತಿರುಗುವ ಫ್ಯಾನು. ನಾನು ಗಿರಾಕಿಗೋ ಅಡುಗೆಮನೆಗೋ ಎದ್ದು ಹೋಗಿ ಬಂದರೆ ಯಂತ್ರ ಸತ್ತಿರುತ್ತದೆ. ಕರೆಂಟು ನೋಡಿದರೆ ಇದೆ. ಯಂತ್ರ ಮಾತ್ರ ಇಲ್ಲ.

"ಮಾವ, ಯಾರಾದ್ರೂ ಬಂದು ಮುಟ್ಟಿದ್ರಾ?" ಎಂದು ಕೇಳಿದೆ.

"ಯಾರೂ ಬಂದಿಲ್ಲಮ್ಮಾ. ನಾನೊಬ್ನೇ ಇರೋದು" ಎಂದು ಪೇಪರಿನ ಹಾಳೆ ತಿರುಗಿಸಿದರು.

ಸಂಜೆ ಯಜಮಾನರು ರಮೇಶ್‌ಬಾಬು ಗೌರಿಬಿದನೂರಿನಿಂದ ಬಂದರು. ಅಲ್ಲಿ ಕುಡುಮಲಕುಂಟೆಯ ಒಂದು ಫ್ಯಾಕ್ಟರಿಯಲ್ಲಿ ಸೂಪರ್‌ವೈಸರು. ವಾರಕ್ಕೊಂದು ದಿನ ಮನೆ, ಆ ಒಂದು ದಿನದಲ್ಲಿ ಏಳು ದಿನದ ಬುದ್ಧಿವಾದ. "ಮ್ಯಾನುಯಲ್ ಓದಿದ್ಯೇನೇ?" ಎಂದರು. ಪುಸ್ತಕ ನೋಡಿಕೊಂಡು ಸಾರು ಮಾಡುವವಳ ಸಾರು ಹೇಗಿರುತ್ತದೋ, ಮ್ಯಾನುಯಲ್ ನೋಡಿಕೊಂಡು ಜೋಡಿಸುವವರ ಕಂಪ್ಯೂಟರೂ ಹಾಗೇ ಇರುತ್ತದೆ ಎಂದೆ.

"ಹೋಗ್ಲಿ ಬಿಡು, 4800ರಲ್ಲಿ ಚೆನ್ನಾಗೇ ಓಡ್ತಿದ್ಯಲ್ಲ. ಹಂಗೇ ಕೊಟ್ಬಿಡು. ಅವ್ನಿಗೇನ್ ಗೊತ್ತಾಗತ್ತೆ?"

"ಅವನಿಗೆ ಗೊತ್ತಾಗ್ದಿದ್ರೆ ನಂಗ್ ಗೊತ್ತಲ್ಲ ರೀ."

ಅಲ್ಲಿಗೆ ರಮೇಶ್‌ಬಾಬು ಸಾಹೇಬರ ಬಾಯಿ ಬಂದ್. ಆರು ಸಾವಿರ ಎಂದು ಮಾತು ಕೊಟ್ಟಿದ್ದೇನೆ. ನಾಲ್ಕು ಸಾವಿರದ ಎಂಟುನೂರನ್ನು ಬಟ್ಟೆ ಮುಚ್ಚಿ ಮಾರಲು ಇದೇನು ಸಂತೆಯ ಬದನೆಕಾಯಿಯೆ?

ಮಾರ್ಚ್ 4, ಬುಧವಾರ

ರ‍್ಯಾಮೇ ಕೆಟ್ಟದ್ದು ಎಂದು ತೀರ್ಮಾನಿಸಿ ಬೆಂಗಳೂರಿಗೆ ಹೊತ್ತುಕೊಂಡು ಹೋದೆ. ಸಗಟು ಅಂಗಡಿಯವನು ಮಾತಾಡದೆ ತನ್ನ ಯಂತ್ರಕ್ಕೆ ಸಿಕ್ಕಿಸಿ, ಏನೋ ಒತ್ತಿ, "ಟೀ ಕುಡ್ಕೊಂಡು ಬನ್ನಿ ಮೇಡಂ" ಎಂದ. ಕುಡಿದು, ಮಾವನಿಗೆ ಮಂಡಿನೋವಿನ ಎಣ್ಣೆ ತಗೊಂಡು (ಅತ್ತೆ ಹೇಳಿದ್ದರು), ವಾಪಸು ಬಂದರೆ ಪರದೆಯ ಮೇಲೆ 6000 ಎಂದು ನಗುತ್ತಾ ಕೂತಿದೆ!

"ಮಾಲ್ ಚೆನ್ನಾಗಿದೆ ಮೇಡಂ" ಎಂದು ವಾಪಸು ಕೊಟ್ಟ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ಅವನ ಬಾಯಲ್ಲಿ ಬರಲಿಲ್ಲ, ಮುಖದಲ್ಲಿ ಪೂರ್ತಿ ಬರೆದಿತ್ತು. ಬಸ್ಸಿನಲ್ಲಿ ಶಿಡ್ಲಘಟ್ಟದವರೆಗೂ ನನ್ನ ಕಿವಿ ಬಿಸಿಯಾಗಿಯೇ ಇತ್ತು.

ಅವನ ಅಂಗಡಿಯಲ್ಲಿ ಓಡಿದ್ದು ನನ್ನ ಅಂಗಡಿಯಲ್ಲಿ ಯಾಕೆ ಓಡುವುದಿಲ್ಲ? ಕಂಡುಹಿಡಿಯದೆ ಬಿಟ್ಟರೆ ನಾನು ತನುಜ ಅಲ್ಲ.

ಮಾರ್ಚ್ 7, ಶನಿವಾರ

ಕಂಡುಹಿಡಿದೆ.

ಯಂತ್ರ ಸರಿಯಾಗಿ ಯಾವ ಗಳಿಗೆಯಲ್ಲಿ ಸಾಯುತ್ತದೆ ಎಂದು ತಿಳಿಯಲು, ಗಿರಾಕಿಗಳಿಗೆ ತೋರಿಸುವ ಸಿಸಿಟಿವಿ ಕ್ಯಾಮೆರಾವನ್ನು ಮೇಜಿನ ಕಡೆ ತಿರುಗಿಸಿದೆ. ಸೆಟ್ಟಿಂಗು ಬದಲಿಸಿ, ಪಕ್ಕದ ಬೀದಿಗೆ ಒಂದು ಪ್ರಿಂಟರು ಕೊಡಲು ಹೋದೆ. ಬಂದು ನೋಡಿದರೆ ಎಂದಿನಂತೆ ಸತ್ತಿತ್ತು. ಫೋನಿನಲ್ಲಿ ರೆಕಾರ್ಡಿಂಗ್ ತೆಗೆದೆ.

ಕಪ್ಪು ಪರದೆ. ಫ್ಯಾನು ತಿರುಗುತ್ತಿದೆ. ಮಾವ ಪೇಪರು ಓದುತ್ತಿದ್ದಾರೆ. ಸ್ವಲ್ಪ ಹೊತ್ತಾದ ಮೇಲೆ, ಪೇಪರಿನಿಂದ ಕಣ್ಣು ತೆಗೆಯದೆ, ಬಲಗೈ ಎತ್ತಿ ತಲೆಯ ಮೇಲಿನ ಕೆಂಪು ಹಿಡಿಯನ್ನು ಕೆಳಗೆ ಎಳೆದರು. ಫ್ಯಾನು ನಿಂತಿತು. ಒಂದೆರಡು ಉಸಿರು ಬಿಟ್ಟು ಹಿಡಿಯನ್ನು ಮತ್ತೆ ಮೇಲಕ್ಕೆ ತಳ್ಳಿದರು. ಹಾಳೆ ತಿರುಗಿಸಿದರು.

ಮೈಯೆಲ್ಲ ಉರಿದುಹೋಯಿತು. ಹತ್ತು ದಿನದಿಂದ ನಾನು ತಲೆ ಚಚ್ಚಿಕೊಳ್ಳುತ್ತಿದ್ದೇನೆ, ಇವರು ನನ್ನ ಬೆನ್ನ ಹಿಂದೆಯೇ ಕೂತು ಕುತ್ತಿಗೆ ಹಿಚುಕುತ್ತಿದ್ದಾರೆ! ಫೋನನ್ನು ಅವರ ಮುಂದೆ ಹಿಡಿದು ಅಂದೇಬಿಟ್ಟೆ: "ರೂಮ್ ಬೇಕಿದ್ರೆ ಬಾಯ್ಬಿಟ್ಟು ಕೇಳಿ ಮಾವ. ಬಯ್ಯಪ್ಪನೋರಿಗೆ ಕೊಡ್ಬೇಕು ಅಂತಿದ್ರೆ ಇವತ್ತೇ ಕೊಡಿ. ಹಿಂಗೆ ಕದ್ದು ಕೆಡಿಸ್ಬೇಡಿ."

ಅವರು ಕನ್ನಡಕ ಸರಿಮಾಡಿಕೊಂಡು ನೋಡಿದರು. "ಇನ್ನೊಂದ್ ಸಲ ಹಾಕಮ್ಮಾ" ಎಂದು ಮತ್ತೆ ನೋಡಿದರು. "ಇದು ನಾನೇನಮ್ಮಾ?" ಎಂದರು.

"ಮತ್ತಿನ್ಯಾರು?"

ಪೇಪರು ಮಡಚಿ ಮೇಜಿನ ಮೇಲಿಟ್ಟು ಎದ್ದು ಹೋದರು. ಒಳ್ಳೆ ನಾಟಕ.

ಮಾರ್ಚ್ 8, ಭಾನುವಾರ

ಕುರ್ಚಿ ಖಾಲಿ. ಜಾಗ ಆಯಿತು. ಸ್ಕ್ರೂ ಬಿದ್ದರೆ ಆರಾಮಾಗಿ ಬಗ್ಗಬಹುದು.

ಮಾವ ಊಟಕ್ಕೆ ಬಂದರು, ಉಂಡು ಮತ್ತೆ ಗೂಡಿನ ಮಾರುಕಟ್ಟೆಯ ಕಡೆ ಹೋದರು.

ಮಾರ್ಚ್ 10, ಮಂಗಳವಾರ

ಈಗ ತಡೆಯುವವರು ಯಾರೂ ಇಲ್ಲ. ಆದರೂ 4800.

ಬೆಳಗ್ಗೆ ಸೆಟ್ಟಿಂಗು ಬದಲಿಸಿ ಮುಂದೆಯೇ ಕೂತೆ. ಕಪ್ಪು ಪರದೆ. ಕಾದೆ. ಇನ್ನೂ ಕಪ್ಪು. ಫ್ಯಾನಿನ ಸದ್ದು ಬಿಟ್ಟರೆ ಏನೂ ಇಲ್ಲ. ಬದುಕಿರುವ ಯಂತ್ರ ಇಷ್ಟು ಹೊತ್ತು ಸುಮ್ಮನಿರುತ್ತದೆಯೆ? ಸತ್ತಿದೆ ಎಂದು ಗುಂಡಿ ಒತ್ತಿ ಆರಿಸಿದೆ. ಮತ್ತೊಮ್ಮೆ ಮಾಡಿದೆ, ಮತ್ತೆ ಆರಿಸಿದೆ. ಹಾಗೇ ಮಧ್ಯಾಹ್ನ ಆಯಿತು.

ಚೈತನ್ಯನ ಫೋನು. "ಅಕ್ಕಾ, ಭಾನುವಾರ ಬರ್ತೀನಿ. ಆರ್ ಸಾವ್ರ ತೋರಿಸಿದ್ರೆ ಅಲ್ಲೇ ಎತ್ಕೊಂಡ್ ಹೋಗ್ತೀನಿ. ಇಲ್ಲಾಂದ್ರೆ ಬೇಜಾರ್ ಮಾಡ್ಕೋಬೇಡಿ, ನಂಗೆ ಮದುವೆ ಸೀಸನ್ ಶುರುವಾಗ್ತೈತೆ."

"ಧೈರ್ಯವಾಗಿ ಬಾರೋ" ಎಂದೆ. ಧೈರ್ಯ ನನ್ನ ಧ್ವನಿಯಲ್ಲಿತ್ತು, ಅದೇ ಸಾಕು.

ಸಂಜೆ ಬೇರೆ ದಾರಿ ಕಾಣದೆ ಮ್ಯಾನುಯಲ್ ತೆಗೆದೆ. ಯಜಮಾನರಿಗೆ ಇದನ್ನು ಹೇಳುವ ಅಗತ್ಯವಿಲ್ಲ. ರ‍್ಯಾಮಿನ ವೇಗ ಬದಲಿಸಿದ ಮೇಲೆ ಮೊದಲ ಸಲ ಶುರುವಾಗುವಾಗ, ಯಂತ್ರ ಹೊಸ ವೇಗಕ್ಕೆ ತನ್ನನ್ನು ತಾನೇ ಹೊಂದಿಸಿಕೊಳ್ಳುತ್ತದಂತೆ. ಕಾಲು ಗಂಟೆಯಾದರೂ ಆಗಬಹುದು, ಅಲ್ಲಿಯವರೆಗೆ ಪರದೆ ಕಪ್ಪಗೇ ಇರುತ್ತದೆ, ಯಾವ ಕಾರಣಕ್ಕೂ ಕರೆಂಟು ತೆಗೆಯಬೇಡಿ ಎಂದು ದಪ್ಪಕ್ಷರದಲ್ಲಿದೆ. ಹಳೆಯ ಯಂತ್ರಗಳಲ್ಲಿ ಈ ಕಾಟ ಇರಲಿಲ್ಲ. ಇದ್ದಿದ್ದರೆ ನನಗೆ ಗೊತ್ತಿರುತ್ತಿತ್ತು.

ಅಂದರೆ ಒಂದು ಸಲ ಅವರು ಎಳೆದಿದ್ದಾರೆ, ಒಂದು ಸಲ ನಾನು ಒತ್ತಿದ್ದೇನೆ. ಪಾಪದ ಯಂತ್ರಕ್ಕೆ ಕಲಿಯಲು ಬಿಟ್ಟವರೇ ಇಲ್ಲ.

ಮಾರ್ಚ್ 12, ಗುರುವಾರ

ಇವತ್ತು ಒಂದು ವಿಷಯ ಆಯಿತು. ಅತ್ತೆ ಹಬ್ಬಕ್ಕೆ ರವಿಕೆ ಹೊಲಿಯುತ್ತಿದ್ದರು, ಮೋಟರು ಹಾಕಿದ ಹೊಲಿಗೆ ಮೆಷಿನ್ನಿನಲ್ಲಿ. ಊಟಕ್ಕೆ ಬಂದಿದ್ದ ಮಾವ ಹಜಾರದಲ್ಲಿ ಕೈ ಒರೆಸಿಕೊಳ್ಳುತ್ತಿದ್ದರು. ಮೆಷಿನ್ನಿನ ದಾರ ಕಡಿದು ಸೂಜಿ ಬರಿದೇ ಓಡಿತು. ಅತ್ತೆ ಇನ್ನೂ ಕಾಲು ತೆಗೆದಿರಲಿಲ್ಲ, ಮಾವ ಎಲ್ಲೋ ನೋಡುತ್ತಲೇ ಬಂದು ಗೋಡೆಯ ಸ್ವಿಚ್ಚು ಆರಿಸಿ, ಒಂದೆರಡು ಉಸಿರು ನಿಂತು, ಮತ್ತೆ ಹಾಕಿ, ಹೊರಟುಹೋದರು.

ನಾನು ಕೈಯಲ್ಲಿ ತಟ್ಟೆ ಹಿಡಿದು ಹಾಗೇ ನಿಂತೆ.

"ನೋಡ್ದ್ಯೇನೇ?" ಎಂದು ಅತ್ತೆ ನಕ್ಕರು. "ಮದ್ವೆಯಾದಾಗಿಂದ ಹಿಂಗೇ. ನೂಲ್ ತೆಗೆಯೋವಾಗ ಎಳೆ ಕಡಿದು ಯಂತ್ರ ಬರೀ ತಿರುಗಿದ್ರೆ ನಿಲ್ಲಿಸ್ಬೇಕು, ಎಳೆ ಕೂಡಿಸಿ ಮತ್ತೆ ಬಿಡ್ಬೇಕು. ಬರೀ ತಿರುಗೋ ಸದ್ದು ಬೇರೆ ಇರತ್ತಂತೆ. ಆ ಸದ್ದು ಕಿವಿಗೆ ಬಿದ್ರೆ ಕೈ ತಾನಾಗೇ ಹೋಗತ್ತೆ. ಕೇಳು, ನಾನೆಲ್ಲಿ ಆರಿಸ್ದೆ ಅಂತಾರೆ."

ಕಪ್ಪು ಪರದೆ, ತಿರುಗುವ ಫ್ಯಾನು. ಅವರ ಕಿವಿಗೆ ಅದು ಎಳೆ ಕಡಿದ ಯಂತ್ರ. ಇದು ನಾನೇನಮ್ಮಾ ಎಂದು ಕೇಳಿದ್ದರಲ್ಲ, ನಿಜವಾಗಿ ಕೇಳಿದ್ದರು. ನನಗೆ ಅಳು ಬಂತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕದ್ದು ಕೆಡಿಸ್ಬೇಡಿ ಎಂದು ಯಾರಿಗೆ ಅಂದುಬಿಟ್ಟೆ!

ಗೂಡಿನ ಮಾರುಕಟ್ಟೆಗೆ ಹೋದೆ. ಹರಾಜು ಮುಗಿದಿತ್ತು, ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಒಟ್ಟುತ್ತಿದ್ದರು. ಮಾವ ಜಗಲಿಯಲ್ಲಿ ಬಯ್ಯಪ್ಪನವರ ಪಕ್ಕ ಸುಮ್ಮನೆ ಕೂತಿದ್ದರು. ಮಾರಲು ಗೂಡಿಲ್ಲ, ಕೊಂಡು ನೂಲು ತೆಗೆಯಲು ಯಂತ್ರವಿಲ್ಲ. ನನ್ನನ್ನು ಕಂಡು ಎದ್ದು ಬಂದರು.

"ನಾನ್ ಹಂಗ್ ಅನ್ಬಾರ್ದಿತ್ತು ಮಾವ. ಅಂಗಡಿಗೆ ಬನ್ನಿ."

"ಬೇಡಮ್ಮಾ. ಬಂದ್ರೆ ಮತ್ತೆ ಕೈ ಹೋಗ್ತದೆ. ಆ ವಿಡಿಯೋ ನೋಡಿದ್ಮೇಲೆ ನನ್ ಕೈ ಮೇಲೆ ನಂಗೇ ನಂಬ್ಕೆ ಇಲ್ಲ." ಬಲಗೈಯನ್ನು ತಿರುಗಿಸಿ ನೋಡಿಕೊಂಡರು. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಬೆರಳ ತುದಿಗಳು ಇವತ್ತಿಗೂ ಬೆಳ್ಳಗಿವೆ.

"ನನ್ ಕೈ ಮೇಲೆ ನಂಗೂ ಇಲ್ಲ ಮಾವ. ನೀವು ಹಿಡಿ ಎಳೀತೀರ, ನಾನು ಬಟನ್ ಒತ್ತೀನಿ. ಭಾನುವಾರ ಚೈತನ್ಯ ಬರ್ತಾನೆ. ಇಬ್ರೂ ಕೂತು ಒಬ್ರನ್ನೊಬ್ರು ಕಾಯಣ."

ಅವರು ಬಯ್ಯಪ್ಪನವರಿಗೆ ಬರ್ತೀನಿ ಎಂದು ಕೈ ಎತ್ತಿದರು. ಮನೆಯವರೆಗೂ ಜೊತೆಗೆ ನಡೆದು ಬಂದರು.

ಮಾರ್ಚ್ 15, ಭಾನುವಾರ

ಇದನ್ನು ನಿಧಾನವಾಗಿ, ಪೂರ್ತಿ ಬರೆಯಬೇಕು.

ಹಬ್ಬಕ್ಕೇ ಬರುತ್ತೇನೆ ಎಂದು ಯಜಮಾನರು ಈ ವಾರ ಬಂದಿರಲಿಲ್ಲ. ಬೆಳಗ್ಗೆ ತಿಂಡಿಯಾದ ಮೇಲೆ ಮಾವ ಬಂದು ಕೂತರು. ಸೆಟ್ಟಿಂಗು ಬದಲಿಸಿ ಬಿಟ್ಟೆ. ಪರದೆ ಕಪ್ಪಾಯಿತು, ಫ್ಯಾನು ತಿರುಗಿತು.

"ಈಗೇನ್ ಮಾಡ್ತಾ ಐತಮ್ಮಾ ಇದು?"

"ಕಲೀತಾ ಐತೆ ಮಾವ. ಹೊಸ ವೇಗದಲ್ಲಿ ಒಂದ್ಸಲ ಓಡಿ ನೋಡತ್ತೆ, ತಪ್ಪಿದ್ರೆ ಇನ್ನೊಂಚೂರು ಸರಿಮಾಡ್ಕೊಂಡು ಮತ್ತೆ ಓಡತ್ತೆ."

"ಓ. ಎಳೆ ಹುಡುಕ್ತಾ ಐತೆ ಅನ್ನು."

ಹ್ಞೂಂ ಎಂದೆ. ಅದಕ್ಕಿಂತ ಚೆನ್ನಾಗಿ ಮ್ಯಾನುಯಲ್ಲಿನಲ್ಲೂ ಬರೆದಿಲ್ಲ.

ಸ್ವಲ್ಪ ಹೊತ್ತಿಗೆ ನನ್ನ ಬೆರಳು ತುರಿಸತೊಡಗಿತು. ಸತ್ತೇಹೋಗಿದ್ದರೆ? ಬೋರ್ಡು ಬಿಸಿಯಾಗಿ ಸುಟ್ಟರೆ? ಅಷ್ಟು ದುಬಾರಿಯ ರ‍್ಯಾಮು! ಗುಂಡಿಯ ಕಡೆ ಕೈ ಚಾಚಿದ್ದು ನನಗೇ ಗೊತ್ತಾಗಲಿಲ್ಲ. ಮಾವ ಕೆಮ್ಮಿದರು. ಕೈ ಹಿಂದಕ್ಕೆ ತಗೊಂಡೆ. ಮತ್ತೆ ಸ್ವಲ್ಪ ಹೊತ್ತಿಗೆ ಮತ್ತೆ ಕೆಮ್ಮಿದರು.

"ಬೇಯೋಗಂಟ ಕಾದೋಳಿಗೆ ಆರೋಗಂಟ ಕಾಯಕ್ಕಾಗ್ಲಿಲ್ವಂತೆ" ಎಂದರು. "ಒಳಕ್ಕೆ ಹೋಗಮ್ಮಾ. ನೀನಿಲ್ಲಿದ್ರೆ ಒತ್ತೇಬಿಡ್ತೀಯ. ಆ ಹುಡ್ಗ ಬರೋ ಹೊತ್ತಾಯ್ತು, ಕಾಫಿ ಮಾಡ್ಕೊಂಡ್ ಬಾ. ನಾನ್ ಕಾಯ್ತೀನಿ."

ಎದ್ದೆ. ಬಾಗಿಲ ಹತ್ತಿರ ನಿಂತೆ. ಕಪ್ಪು ಪರದೆ, ಬರಿದೇ ತಿರುಗುವ ಫ್ಯಾನು, ಅವರ ತಲೆಯ ಮೇಲೆ ಕೆಂಪು ಹಿಡಿ. ಇವತ್ತು ತಪ್ಪಿದರೆ ಚೈತನ್ಯ ಇಲ್ಲ. ಚೈತನ್ಯ ಇಲ್ಲದಿದ್ದರೆ ಯುಗಾದಿಗೆ ಕೋಣೆ ಇಲ್ಲ. ನಿಮ್ಮ ಕುರ್ಚಿಯನ್ನು ಈ ಕಡೆ ಎಳೆದುಕೊಳ್ಳಿ ಮಾವ ಎನ್ನಲು ಬಾಯಿ ತೆರೆದೆ. ಅನ್ನಲಿಲ್ಲ. ಒಳಗೆ ಹೋದೆ.

ಹಾಲು ಕಾಯಲು ಅಷ್ಟು ಹೊತ್ತು ತೆಗೆದುಕೊಂಡಿದ್ದು ನನ್ನ ಜೀವಮಾನದಲ್ಲೇ ಮೊದಲು. ಹೊರಗೆ ಬೈಕು ನಿಂತ ಸದ್ದಾಯಿತು. "ಅಯ್ಯೋ, ಹೋಗ್ಬಿಟ್ಟೈತಾ ತಾತ ಇದು?" ಎಂದು ಚೈತನ್ಯ ಕೇಳಿದ್ದು ಒಳಗೇ ಕೇಳಿಸಿತು. ಮಾವ, "ಸುಮ್ಕಿರಪ್ಪಾ. ಎಳೆ ಹುಡುಕ್ತಾ ಐತೆ" ಎಂದರು.

ಲೋಟಗಳನ್ನು ಹಿಡಿದು ಬಂದೆ. ಚೈತನ್ಯ ಹೆಲ್ಮೆಟ್ ಕೂಡ ತೆಗೆಯದೆ ನಿಂತಿದ್ದ. ಮಾವ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ, ಕಣ್ಣು ಪರದೆಯ ಮೇಲಿಟ್ಟು ಕೂತಿದ್ದರು. ಹಣೆಯಲ್ಲಿ ಬೆವರು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಹಾಕಿ ಅದರ ಮೇಲೆ ಕೂತುಬಿಟ್ಟಿದ್ದರು.

ಪರದೆ ಹೊತ್ತಿಕೊಂಡಿತು.

ಲೋಟಗಳನ್ನು ಎಲ್ಲಿಟ್ಟೆನೋ ಗೊತ್ತಿಲ್ಲ. ತೆರೆದು ನೋಡಿದೆ. 6000. ಆರಿಸಿ, ಮತ್ತೆ ಹೊತ್ತಿಸಿದೆ. ಈ ಸಲ ತಡವಿಲ್ಲ, ಕಲಿತಾಗಿತ್ತು. 6000. ಚೈತನ್ಯ ತನ್ನ ಮದುವೆ ವಿಡಿಯೊ ಒಂದನ್ನು ಹಾಕಿ ಓಡಿಸಿ, "ಸೂಪರ್ ಅಕ್ಕಾ! ಅಂಬರೀಶ್ ಸ್ಟುಡಿಯೊದವ್ನಿಗೂ ಹೇಳ್ತೀನಿ, ಅವ್ನೂ ಹುಡುಕ್ತಾವ್ನೆ" ಎಂದು ಕೂಗಿದ. ನಾನು ಅವನ ಹೆಲ್ಮೆಟ್ಟಿಗೆ ಒಂದು ತಟ್ಟಿ, ಹೇಳಿರಲಿಲ್ವೇನೋ ನಾನು ಎಂದೆ.

ಆಗ ಹಿಂದಿನಿಂದ ಮಾವನ ಧ್ವನಿ ಬಂತು. ಅವರು ಇನ್ನೂ ಹಾಗೇ ಕೂತಿದ್ದರು.

"ಅಮ್ಮಾ ತನುಜಾ, ಈಗ ಕೈ ತೆಗೀಬೋದಾ?"

"ತೆಗೀರಿ ಮಾವ" ಎಂದೆ. ಕಾಫಿ ಲೋಟ ಹುಡುಕಿ ತಂದು ಅವರ ಕೈಗೆ ಕೊಟ್ಟೆ.

ಮಾರ್ಚ್ 19, ಗುರುವಾರ, ಯುಗಾದಿ

ಬೇವು ಬೆಲ್ಲ ಆಯಿತು, ಒಬ್ಬಟ್ಟು ಆಯಿತು. ಹಬ್ಬಕ್ಕೆ ಬಂದ ಯಜಮಾನರು, "ಮ್ಯಾನುಯಲ್ ಓದಿದ್ಯಂತೆ?" ಎಂದು ನಕ್ಕರು. ಅತ್ತೆ ಹೇಳಿರಬೇಕು. ಓದಿಲ್ಲ, ತಿರುವಿ ಹಾಕಿದೆ ಅಷ್ಟೇ ಎಂದೆ.

ಬೆಳಗ್ಗೆ ಅಂಗಡಿ ಗುಡಿಸುವಾಗ ಮಾವನ ಕುರ್ಚಿಯನ್ನು ಸ್ವಿಚ್ಚಿನ ಕೆಳಗಿನಿಂದ ತೆಗೆದು ಮೇಜಿನ ಈ ಕಡೆ, ನನ್ನ ಸ್ಟೂಲಿನ ಪಕ್ಕಕ್ಕೆ ಹಾಕಿದೆ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ, ಅಷ್ಟಕ್ಕೇ. ಜಾಗ ಮೊದಲಿಗಿಂತ ಇಕ್ಕಟ್ಟಾಗಿದೆ. ಸ್ಕ್ರೂ ಬಿದ್ದರೆ ಅವರೇ ಬಗ್ಗಿ ಎತ್ತಿಕೊಡಲಿ.

ಸಂಜೆ ಬಯ್ಯಪ್ಪನವರು ಹೊಸ ಪಂಚೆ ಉಟ್ಟು ಅಳಿಯನನ್ನೂ ಕರೆದುಕೊಂಡು ಬಂದರು. ಹೊಸ್ತಿಲಲ್ಲಿ ನಿಂತು ಗೋಡೆಗಳನ್ನು ನೋಡಿದರು. "ಏಮಪ್ಪಾ ಮುನಿಶಾಮಪ್ಪ, ಯುಗಾದಿ ಬಂತು. ರೂಮ್ ಏನ್ಮಾಡ್ದೆ?"

ನಾನು ಕೈಯಲ್ಲಿದ್ದ ಬಟ್ಟೆಯಿಂದ ಮೇಜು ಒರೆಸುತ್ತಲೇ ಇದ್ದೆ. ಒರೆಸಲು ಏನೂ ಇರಲಿಲ್ಲ. ಚೈತನ್ಯ ಯಂತ್ರವನ್ನು ಒಯ್ದಾಗಿತ್ತು, ಮುಂದಿನದರ ಸಾಮಾನು ಇನ್ನೂ ಬಂದಿರಲಿಲ್ಲ. ಮೇಜಿನ ಮೇಲೆ ಒಂದು ವೈರು ಕೂಡ ಇರಲಿಲ್ಲ.

"ರೂಮ್ ಖಾಲಿ ಇಲ್ಲ ಬಯ್ಯಪ್ಪ" ಎಂದರು ಮಾವ, ಪೇಪರಿನಿಂದ ಕಣ್ಣೆತ್ತದೆ. "ಒಳಗೆ ಯಂತ್ರ ಓಡ್ತಾ ಐತೆ."